'ಸೆಟ್ಲ್' ಎಂಬ ಕ್ರಿಯಾಪದವೂ ನಮ್ಮ ಕರಾವಳಿಯ ಇತಿಹಾಸವೂ: ಒಂದು ವಿಮರ್ಶೆ

ಇಂಗ್ಲಿಷಿನ ಒಂದು ಸಾಮಾನ್ಯ ಕ್ರಿಯಾಪದವು ಇತಿಹಾಸದ ತರಗತಿಯಲ್ಲಿ ಎಷ್ಟು ದೊಡ್ಡ ತೊಡಕನ್ನು ತಂದೊಡ್ಡಬಲ್ಲುದೆಂಬುದು ಕೆಲವು ವರ್ಷಗಳ ಹಿಂದೆ ನಮ್ಮ ಅನುಭವಕ್ಕೆ ಬಂದಿತು. ಕಂಪೆನಿ ಸರಕಾರದ ಭೂಕಂದಾಯ ನೀತಿಯನ್ನು ಕುರಿತ ಪಾಠವನ್ನು ಮುಗಿಸಿ, 'ಮನ್ರೋ ಕೆನರಾ ಜಿಲ್ಲೆಯನ್ನು ಸೆಟ್ಲ್ ಮಾಡಿದನು' ಎಂಬರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಹಲಗೆಯ ಮೇಲೆ ಬರೆದು, ಅದನ್ನು ಕನ್ನಡಕ್ಕೆ ತಿರುಗಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಒಬ್ಬನು 'ಮನ್ರೋ ಕೆನರಾದಲ್ಲಿ ನೆಲೆಸಿದನು' ಎಂದು ಬರೆದನು. ಇನ್ನೊಬ್ಬಳು 'ಕೆನರಾದ ಜಗಳವನ್ನು ತೀರಿಸಿದನು' ಎಂದಳು. ಮತ್ತೊಬ್ಬನು 'ಶಾಂತಗೊಳಿಸಿದನು' ಎಂದನು. ನಿಘಂಟನ್ನು ತೆರೆದು ನೋಡಿದರೆ ಈ ಮೂರು ಉತ್ತರಗಳಿಗೂ ಆಧಾರವುಂಟು. ಆದರೆ ಮೂರರಲ್ಲಿ ಒಂದೂ ಸರಿಯಲ್ಲ. ಅಷ್ಟರಲ್ಲಿ ತ್ರಾಸಿಯ ಕಡೆಯ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, 'ಸರ್, ಜಿಲ್ಲೆಯೆಲ್ಲ ಅಂದೇ ಸೆಟ್ಲ್ ಆಗಿದ್ದರೆ, ಆಮೇಲೆ ನಮ್ಮ ಅಜ್ಜನನ್ನು ಗದ್ದೆಯಿಂದ ಒಕ್ಕಲೆಬ್ಬಿಸಿದ್ದು ಹೇಗೆ?' ಎಂದು ಕೇಳಿದನು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಪಾಠದ ಟಿಪ್ಪಣಿಯಲ್ಲಿ 'ಮನ್ರೋನ ಸೆಟ್ಲ್‌ಮೆಂಟಿನಿಂದ ಜಮೀನಿನ ಪ್ರಶ್ನೆ ಇತ್ಯರ್ಥವಾಯಿತು' ಎಂದು ನಾವೇ ಬರೆದಿಟ್ಟಿದ್ದೆವು. ಆ ವಾಕ್ಯವು ತಪ್ಪೆಂಬುದನ್ನೂ ತಪ್ಪಿನ ಮೂಲವು ಒಂದು ಕ್ರಿಯಾಪದದಲ್ಲಿದೆಯೆಂಬುದನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಪದದ ಹುಟ್ಟನ್ನು ನೋಡೋಣ. 'ಸೆಟ್ಲ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಆಸನವೆಂಬ ಅರ್ಥದ ನಾಮಪದದಿಂದ ಬಂದ ಕ್ರಿಯಾಪದ. ಕುಳಿತುಕೊಳ್ಳುವುದನ್ನು ಹೇಳುವ 'ಸಿಟ್', ಪೀಠವನ್ನು ಹೇಳುವ 'ಸೀಟ್' ಎಂಬ ಮಾತುಗಳು ಇದರ ಒಡಹುಟ್ಟುಗಳು. ಸಂಸ್ಕೃತದ 'ಸದ್' ಧಾತುವೂ ಇದೇ ಕುಲದ್ದು. ಸದನ, ಸಂಸತ್ತು, ಉಪನಿಷತ್ತು ಎಂಬ ನಮಗೆ ಪರಿಚಿತವಾದ ಶಬ್ದಗಳಲ್ಲಿ ಆ ಧಾತುವನ್ನು ಕಾಣಬಹುದು. ಆದುದರಿಂದ ಈ ಕ್ರಿಯಾಪದದ ಮೂಲಾರ್ಥವು ಕುಳ್ಳಿರು, ಕುಳ್ಳಿರಿಸು ಎಂಬುದೇ ಆಗಿದೆ. ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ರಾಜಿಮಾಡು, ಸಮಾಧಾನಕ್ಕೆ ತರು ಎಂಬರ್ಥದ ಬೇರೊಂದು ಹಳೆಯ ಇಂಗ್ಲಿಷ್ ಕ್ರಿಯಾಪದವು, ಉಚ್ಚಾರಣೆಯಲ್ಲಿ ಹತ್ತಿರವಾಗಿದ್ದ ಕಾರಣ, ಮಧ್ಯಯುಗದಲ್ಲಿ ಇದರೊಡನೆ ಬೆರೆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೀಗೆ ಇಂದಿನ 'ಸೆಟ್ಲ್' ಎಂಬುದು ಎರಡು ಹೊಳೆಗಳು ಕೂಡಿದ ಒಂದು ಅಳಿವೆ. ಕುಳ್ಳಿರಿಸುವುದು ಒಂದು ಹೊಳೆ, ರಾಜಿಮಾಡುವುದು ಇನ್ನೊಂದು. ಯಾವ ಪ್ರಯೋಗದಲ್ಲಿ ಯಾವ ನೀರು ಹರಿಯುತ್ತಿದೆಯೆಂದು ಇಂಗ್ಲಿಷರೂ ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ನಾವಾದರೋ ವಿಚಾರಿಸಲೇಬೇಕಾಗುತ್ತದೆ, ಏಕೆಂದರೆ ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ.

ಈ ಕ್ರಿಯಾಪದದ ಮುಖ್ಯ ಪ್ರಯೋಗಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಹಕ್ಕಿಯು ಕೊಂಬೆಯ ಮೇಲೆ ಸೆಟ್ಲ್ ಆದರೆ ನಮ್ಮಲ್ಲಿ ಅದು 'ಕೂತಿತು'. ಪಂಚಗಂಗಾವಳಿಯ ಅಳಿವೆಯಲ್ಲಿ ಹೂಳು ಸೆಟ್ಲ್ ಆದರೆ ಅದೂ 'ಕೂತಿತು' ಎಂದೇ ನಮ್ಮವರು ಹೇಳುವರು. ಹೊಸ ಮನೆಯ ಪಂಚಾಂಗವು ಹಾಗೆ ಮಾಡಿದರೆ 'ಕುಸಿಯಿತು' ಎನ್ನುವೆವು. ಅಲ್ಲಿ ಸಂತೋಷಕ್ಕೆ ಕಾರಣವಿಲ್ಲ. ಧೂಳಾದರೆ 'ಅಡಗಿತು', ಮನಸ್ಸಾದರೆ 'ನೆಲೆಗೊಂಡಿತು', ಜನರಾದರೆ 'ನೆಲೆಸಿದರು'. ವ್ಯಾಜ್ಯವು ಸೆಟ್ಲ್ ಆದರೆ 'ತೀರಿತು', ಮದುವೆಯ ದಿನವಾದರೆ 'ಗೊತ್ತಾಯಿತು', ಅಂಗಡಿಯ ಲೆಕ್ಕವಾದರೆ 'ಚುಕ್ತಾ ಆಯಿತು'. ತಂದೆಯು ಮಗಳ ಹೆಸರಿಗೆ ಆಸ್ತಿಯನ್ನು ಸೆಟ್ಲ್ ಮಾಡಿದರೆ ಅದನ್ನು 'ಬರೆದುಕೊಟ್ಟರು' ಎನ್ನುತ್ತೇವೆ. ಕೊನೆಯದಾಗಿ, ಸರಕಾರವು ಒಂದು ಜಿಲ್ಲೆಯನ್ನು ಸೆಟ್ಲ್ ಮಾಡುವುದೆಂದರೆ ಅಲ್ಲಿನ ಭೂಕಂದಾಯವನ್ನು ನಿಗದಿಮಾಡಿ, ಅದನ್ನು ತೆರಬೇಕಾದವನು ಯಾರೆಂಬುದನ್ನು ನಿಶ್ಚಯಿಸುವುದು.

ಈ ಅರ್ಥಭೇದಗಳನ್ನು ಇಂಗ್ಲಿಷ್ ಹೇಗೆ ನಿಭಾಯಿಸುತ್ತದೆಂಬುದು ಗಮನಾರ್ಹ. ಕ್ರಿಯಾಪದದ ಹಿಂದೆ ಒಂದು ಪುಟ್ಟ ಅವ್ಯಯವನ್ನು ತಗುಲಿಸಿ ಅದು ಕೆಲಸವನ್ನು ಸಾಧಿಸುತ್ತದೆ. 'ಡೌನ್' ಸೇರಿದರೆ ಸಂಸಾರ ಹೂಡಿ ನಿಂತನೆಂದಾಗುತ್ತದೆ. 'ಅಪ್' ಸೇರಿದರೆ ಬಾಕಿಯನ್ನು ತೆತ್ತನೆಂದಾಗುತ್ತದೆ. 'ಫಾರ್' ಸೇರಿದರೆ ಬೇಕಾದುದು ಸಿಗದೆ, ಸಿಕ್ಕಿದುದನ್ನೇ ಸಾಕೆಂದುಕೊಂಡನೆಂದಾಗುತ್ತದೆ. 'ವಿತ್' ಸೇರಿದರೆ ಇನ್ನೊಬ್ಬನೊಡನೆ ಲೆಕ್ಕವನ್ನೋ ಕರಾರನ್ನೋ ಮುಗಿಸಿದನೆಂದಾಗುತ್ತದೆ. ಕನ್ನಡದಲ್ಲಿ ಈ ಕೆಲಸದ ಬಹುಭಾಗವನ್ನು ಬೇರೆ ಬೇರೆ ಧಾತುಗಳೂ ವಿಭಕ್ತಿಗಳೂ ಮಾಡುತ್ತವೆ. ಮತ್ತೊಂದು ವ್ಯತ್ಯಾಸವುಂಟು. ಇಂಗ್ಲಿಷಿನಲ್ಲಿ ತಾನು ನೆಲೆಸುವುದಕ್ಕೂ ಪರರನ್ನು ನೆಲೆಗೊಳಿಸುವುದಕ್ಕೂ ಕ್ರಿಯಾರೂಪವು ಒಂದೇ. ಕನ್ನಡವು ಈ ಎರಡನ್ನೂ ಬೆರೆಸಲು ಒಪ್ಪುವುದಿಲ್ಲ. ಈ ಪರಕೀಯ ಶಬ್ದವನ್ನು ನಮ್ಮ ಜನರು ಮನೆಯೊಳಗೆ ಕರೆದುಕೊಂಡಾಗಲೂ ಅದಕ್ಕೆ 'ಆಗು', 'ಮಾಡು' ಎಂಬ ಎರಡು ಬಾಲಗಳನ್ನು ಕಟ್ಟಿಯೇ ಕರೆದುಕೊಂಡರು. ಮಗನು ಬೊಂಬಾಯಿಯಲ್ಲಿ ಸೆಟ್ಲ್ 'ಆಗುತ್ತಾನೆ'. ಪಂಚಾಯಿತಿಗೆ ಕುಳಿತವರು ಜಗಳವನ್ನು ಸೆಟ್ಲ್ 'ಮಾಡುತ್ತಾರೆ'. ವ್ಯಾಕರಣವನ್ನು ಓದದವರೂ ಈ ವಿವೇಕವನ್ನು ತಪ್ಪದೆ ಪಾಲಿಸುತ್ತಾರೆ. ಮಾಡಿದವನು ಯಾರು, ಆದವನು ಯಾರು ಎಂಬ ಪ್ರಶ್ನೆಯನ್ನು ಕನ್ನಡವು ಕೇಳದೆ ಬಿಡುವುದಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಇನ್ನು ಕಂದಾಯದ ವಿಷಯಕ್ಕೆ ಬರೋಣ. ಇಂಗ್ಲಿಷರು ಸೆಟ್ಲ್‌ಮೆಂಟ್ ಎಂದು ಕರೆದ ವ್ಯವಹಾರಕ್ಕೆ ನಮ್ಮ ನಾಡಿನಲ್ಲಿ ಹೆಸರಿಲ್ಲದೆ ಇರಲಿಲ್ಲ. ಒಂದೊಂದು ಆಳ್ವಿಕೆಯೂ ತನ್ನದೊಂದು ಹೆಸರನ್ನು ಬಿಟ್ಟುಹೋಗಿದೆ. ಬಿದನೂರಿನ ಅರಸರ ಕಾಲದಲ್ಲಿ ಅದು 'ಶಿಸ್ತು'. 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಜನರ ಬಾಯಲ್ಲಿದೆ. ಭೂಮಿಯ ಕಂದಾಯವನ್ನು ಗೊತ್ತುಪಡಿಸಿದ ಕ್ರಮವೇ ಆ ಶಿಸ್ತು. ಹೈದರನ ಮತ್ತು ಟೀಪುವಿನ ಕಾಲದಲ್ಲಿ ಅದರ ಮೇಲೆ ಏರಿದ ಹೆಚ್ಚುವರಿಗೆ 'ಶಾಮಿಲು' ಎಂಬ ಹೆಸರಾಯಿತು. ಪಾರಸಿಯಿಂದ ಬಂದ 'ಬಂದೋಬಸ್ತು' ಎಂಬ ಶಬ್ದವು ಉತ್ತರ ಹಿಂದುಸ್ಥಾನದ ಕಚೇರಿಗಳಲ್ಲಿ ಸೆಟ್ಲ್‌ಮೆಂಟಿಗೆ ಸರಿಯಾದ ಪರ್ಯಾಯವಾಗಿತ್ತು. 'ಜಮಾಬಂದಿ' ಎಂಬುದೂ ಅದೇ ಕುಟುಂಬದ್ದು. ಎರಡರಲ್ಲಿಯೂ ಕಟ್ಟುವುದು, ಬಿಗಿಯುವುದು ಎಂಬ ಭಾವವಿದೆ. 1819–20ರಲ್ಲಿ ಕಲೆಕ್ಟರ್ ಹ್ಯಾರಿಸನ ಕಾಲದಲ್ಲಿ ಕೆನರಾದಲ್ಲಿ ಜಾರಿಗೆ ಬಂದ ಕ್ರಮಕ್ಕೆ 'ಠರಾವು' ಎಂದೇ ಹೆಸರು. ಅದು ತಂಗು, ನಿಲ್ಲು ಎಂಬರ್ಥದ ಔತ್ತರೇಯ ಧಾತುವಿನಿಂದ ಬಂದುದು.

ಈ ಶಬ್ದಗಳ ಮುಂದಿನ ಗತಿಯು ಕುತೂಹಲಕರವಾಗಿದೆ. ಶಿಸ್ತು ಇಂದು ಶಾಲೆಯ ಮಕ್ಕಳಿಗೆ ಸಂಬಂಧಿಸಿದುದು. ಬಂದೋಬಸ್ತು ಪೋಲೀಸರ ಕೈ ಸೇರಿದೆ. ಠರಾವು ಸಭೆಗಳ ನಡವಳಿಯ ಪುಸ್ತಕಕ್ಕೆ ಹೋಯಿತು. ಜಮಾಬಂದಿಯು ಗ್ರಾಮ ಪಂಚಾಯತಿಯ ವಾರ್ಷಿಕ ಲೆಕ್ಕ ಪರಿಶೀಲನೆಯ ಹೆಸರಾಗಿ ಉಳಿದಿದೆ. ಭೂಮಿಯನ್ನು ಬಿಗಿಯಲು ಹುಟ್ಟಿದ ಮಾತುಗಳೆಲ್ಲ ಭೂಮಿಯನ್ನು ಬಿಟ್ಟು ಹೋದುವು. ಆದರೆ ನಮ್ಮ ಜಿಲ್ಲೆಯ ರೈತನ ಬಾಯಲ್ಲಿ ಮಾತ್ರ ಒಂದು ಅಚ್ಚ ದ್ರಾವಿಡ ಶಬ್ದವು ನಿಂತಿತು. ಅದೇ 'ತೀರ್ವೆ'.

ತೀರ್ವೆಯ ಧಾತು 'ತೀರು'. ತೀರಿಸು, ತೀರ್ಪು, ತೀರ್ಮಾನ ಎಂಬ ಮಾತುಗಳು ಇದರ ಸುತ್ತ ಬಳಗವಾಗಿ ನಿಂತಿವೆ; ಸತ್ತವರನ್ನು ಕುರಿತು ನಾವು 'ತೀರಿಕೊಂಡರು' ಎನ್ನುವುದೂ ಇದರಿಂದಲೇ. ಸಾಲ, ಜಗಳ, ಬಾಕಿ, ತೆರಿಗೆ ಇವೆಲ್ಲವೂ ಸೆಟ್ಲ್ ಆಗುವ ಕಡೆಯಲ್ಲಿ ಕನ್ನಡದ ಇವು ತೀರುತ್ತವೆ. ಈ ಎರಡು ಕ್ರಿಯಾಪದಗಳೂ ಒಂದೇ ಸ್ಥಳಕ್ಕೆ ಬಂದು ಮುಟ್ಟಿದರೂ ಹೊರಟ ದಿಕ್ಕುಗಳು ಬೇರೆ. ಇಂಗ್ಲಿಷಿನ ಕ್ರಿಯೆಯು ಕುಳ್ಳಿರಿಸುವುದರಿಂದ ಹೊರಟಿತು. ಅಲ್ಲಿ ಏನೋ ಒಂದು ನೆಲೆಯಾಗಿ ಉಳಿಯುತ್ತದೆ. ಕನ್ನಡದ ಕ್ರಿಯೆಯು ಮುಗಿಯುವುದರಿಂದ ಹೊರಟಿತು. ಅಲ್ಲಿ ಏನೂ ಉಳಿಯಬಾರದು. ತೀರ್ವೆಯನ್ನು ಕಟ್ಟಿದ ರೈತನು ಆ ವರ್ಷದ ಮಟ್ಟಿಗೆ ಋಣಮುಕ್ತನು. ಸೆಟ್ಲ್‌ಮೆಂಟನ್ನು ಮಾಡಿದ ಸರಕಾರವಾದರೋ ಅಂದಿನಿಂದ ಅಲ್ಲಿ ಭದ್ರವಾಗಿ ಕುಳಿತ ಸರಕಾರವು. ಈ ಅಂತರವನ್ನು ಮರೆತು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುದರಿಂದಲೇ ನಮ್ಮ ಟಿಪ್ಪಣಿಯ ತಪ್ಪು ವಾಕ್ಯವು ಹುಟ್ಟಿಕೊಂಡಿತು. ಜಿಲ್ಲೆಯು ಸೆಟ್ಲ್ ಆಯಿತೆಂಬುದನ್ನು ನಾವು ಪ್ರಶ್ನೆ ತೀರಿತೆಂದು ಓದಿಕೊಂಡೆವು.

ವಸ್ತುಸ್ಥಿತಿಯೇನು? ಥಾಮಸ್ ಮನ್ರೋ 1799ರಲ್ಲಿ, ಶ್ರೀರಂಗಪಟ್ಟಣದ ಪತನಾನಂತರ, ಕೆನರಾದ ಕಲೆಕ್ಟರನಾಗಿ ಬಂದನು, 1800ರಲ್ಲಿಯೇ ಹೊರಟುಹೋದನು. ಒಂದೂವರೆ ವರ್ಷವೂ ಇರದವನನ್ನು ಕುರಿತು 'ನೆಲೆಸಿದನು' ಎನ್ನುವುದು ಸಲ್ಲದು. ಈ ಜಿಲ್ಲೆಯಿಂದ ವರ್ಗವಾದರೆ ಸಾಕೆಂದು ಅವನೇ ಹಂಬಲಿಸಿದವನು. 'ಶಾಂತಗೊಳಿಸಿದನು' ಎಂಬುದರಲ್ಲಿ ಅರ್ಧ ಸತ್ಯವಿದೆ. ವಿಟ್ಲದ ಬಂಡಾಯವನ್ನು ಅಡಗಿಸಿದ ಕಾಲವದು. ಆದರೆ ಅವನ ಮುಖ್ಯ ಕಾರ್ಯವು ಕಂದಾಯದ ನಿಗದಿ. ಇಲ್ಲಿನ ಭೂಮಿಯು ಬಹುಕಾಲದಿಂದ ಖಾಸಗಿ ಸ್ವತ್ತಾಗಿದೆಯೆಂದೂ, ಅದನ್ನು ಮಾರುವ, ಅಡವಿಡುವ, ಗೇಣಿಗೆ ಕೊಡುವ ಹಕ್ಕು ಒಡೆಯನಿಗೆ ಇದೆಯೆಂದೂ ಅವನು ಕಂಡುಕೊಂಡನು. ಬಿದನೂರಿನ ಶಿಸ್ತನ್ನೂ ಆಮೇಲಿನ ಏರಿಕೆಗಳನ್ನೂ ಪರಿಶೀಲಿಸಿ, ಒಡೆಯರು ತೆರಬೇಕಾದುದನ್ನು ಗೊತ್ತುಪಡಿಸಿದನು. 1800ನೆಯ ಇಸವಿಯ ಮೇ 31ರಂದು ಅವನು ಕಳುಹಿಸಿದ ವರದಿಯು ಕರಾವಳಿಯ ಭೂ ಇತಿಹಾಸಕ್ಕೆ ಇಂದಿಗೂ ಆಕರವಾಗಿದೆ.

ಹಾಗಾದರೆ ಈ ಸೆಟ್ಲ್‌ಮೆಂಟ್ ನಡೆದುದು ಯಾರೊಡನೆ? ಇಂಗ್ಲಿಷಿನ 'ವಿತ್' ಎಂಬ ಅವ್ಯಯದ ಮಹತ್ವವಿರುವುದು ಇಲ್ಲಿಯೇ. 1793ರಲ್ಲಿ ಕಾರ್ನ್‌ವಾಲೀಸನು ಬಂಗಾಳದಲ್ಲಿ ಅದನ್ನು ಜಮೀನ್ದಾರರೊಡನೆ ಮಾಡಿದನು. ಮದರಾಸು ಪ್ರಾಂತದಲ್ಲಿ ಮನ್ರೋನ ಹೆಸರಿಗೆ ಅಂಟಿಕೊಂಡ ರೈತವಾರಿ ಪದ್ಧತಿಯಲ್ಲಿ ಸರಕಾರವು ಉಳುವವನೊಡನೆಯೇ ನೇರವಾಗಿ ವ್ಯವಹರಿಸಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ನಮ್ಮ ಜಿಲ್ಲೆಯಲ್ಲಿ ಅದು ನಡೆದುದು ವರ್ಗದಾರನೊಡನೆ. ವರ್ಗದಾರನು ಕೆಲವೆಡೆ ತಾನೇ ಉಳುವವನಾಗಿದ್ದನು, ನಿಜ. ಆದರೆ ಅನೇಕ ಕಡೆಗಳಲ್ಲಿ ಅವನ ಕೆಳಗೆ ಗೊತ್ತಾದ ಗೇಣಿಯನ್ನು ಕೊಟ್ಟು ಶಾಶ್ವತವಾಗಿ ಅನುಭವಿಸುವ ಮೂಲಗೇಣಿದಾರನಿದ್ದನು. ಅವನಿಗಿಂತ ಕೆಳಗೆ, ಒಡೆಯನ ಮರ್ಜಿಯಿರುವ ತನಕ ಮಾತ್ರ ಸಾಗುವಳಿ ಮಾಡುವ ಚಾಲಗೇಣಿಯ ಒಕ್ಕಲಿದ್ದನು. ಎಲ್ಲರಿಗಿಂತ ಕೆಳಗೆ, ಜಮೀನಿನೊಡನೆಯೇ ಎಣಿಕೆಯಾಗುತ್ತಿದ್ದ ಮೂಲದ ಆಳು ಇದ್ದನು. ಸರಕಾರದ ಲೆಕ್ಕದಲ್ಲಿ ವರ್ಗದಾರನು ಕುಳಿತುಕೊಂಡನು. ಮಿಕ್ಕವರ ಪೈಕಿ ಯಾರು ಎಷ್ಟು ಕಾಲ ಕುಳಿತಿರಬಹುದೆಂಬುದು ಅವನಿಗೆ ಬಿಟ್ಟ ವಿಚಾರವಾಯಿತು.

ಇಲ್ಲಿಯೇ ನಮ್ಮ ವಿದ್ಯಾರ್ಥಿಯ ಪ್ರಶ್ನೆಯೊಳಗಿನ ಶಬ್ದವೊಂದನ್ನು ಪರಿಭಾವಿಸಬೇಕು. 'ಒಕ್ಕಲೆಬ್ಬಿಸು' ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಎಬ್ಬಿಸುವುದೆಂದರೆ ಕುಳಿತವನನ್ನು ಮೇಲಕ್ಕೆ ಏಳಿಸುವುದು. ಒಕ್ಕಲು 'ಕೂರುತ್ತಾನೆ', ಒಡೆಯನು ಅವನನ್ನು 'ಎಬ್ಬಿಸುತ್ತಾನೆ' ಎಂಬ ಚಿತ್ರವು ಕನ್ನಡದ ಒಡಲಲ್ಲಿಯೇ ಇದೆ. ಅಂದ ಮೇಲೆ ಇಂಗ್ಲಿಷಿನ ಸೆಟ್ಲ್ ಎಂಬುದರ ಮೂಲಾರ್ಥಕ್ಕೆ ಕನ್ನಡದಲ್ಲಿ ನೇರವಾದ ವಿರುದ್ಧ ಪದವಿದ್ದರೆ ಅದು ಇದೇ ಎಂದು ನಮ್ಮ ಅಭಿಪ್ರಾಯ. ಕಚೇರಿಯ ಇಂಗ್ಲಿಷ್ ಕಡತಗಳಲ್ಲಿ ಜಿಲ್ಲೆಯು ಸೆಟ್ಲ್ ಆಗುತ್ತಿದ್ದ ಕಾಲದಲ್ಲಿಯೇ ಗದ್ದೆಯ ಹುಣಿಯ ಮೇಲೆ ಒಕ್ಕಲುಗಳನ್ನು ಎಬ್ಬಿಸಬಹುದಾಗಿತ್ತು. ಎರಡಕ್ಕೂ ವಿರೋಧವಿರಲಿಲ್ಲ, ಒಂದು ನಡೆದುದು ವರ್ಗದಾರನ ಮಟ್ಟದಲ್ಲಿ, ಇನ್ನೊಂದು ಅವನ ಕೆಳಗಿನವನ ಮಟ್ಟದಲ್ಲಿ. ಇಂಗ್ಲಿಷ್ ಕ್ರಿಯಾಪದವನ್ನು ಹಾಗೆಯೇ ಎತ್ತಿಕೊಂಡ ಇತಿಹಾಸಕಾರನಿಗೆ ಮೊದಲನೆಯದು ಮಾತ್ರ ಕಾಣುತ್ತದೆ.

ವರ್ಗದಾರನ ಮಟ್ಟದಲ್ಲಾದರೂ ಎಲ್ಲವೂ ತೀರಿತೆ ಎಂದರೆ ಅದೂ ಇಲ್ಲ. ಕಂಪೆನಿಯ ಆಳ್ವಿಕೆಯ ಆರಂಭದಿಂದ ವಸೂಲಾದ ಹಣದ ಸರಾಸರಿಯನ್ನು ಹಿಡಿದು ಮಾಡಿದ ಠರಾವು, ಭತ್ತ ಅಕ್ಕಿಗಳ ಧಾರಣೆ ಕುಸಿದಾಗ ಹೊರಲಾರದ ಭಾರವಾಯಿತು. 1830–31ರಲ್ಲಿ ಜಿಲ್ಲೆಯ ರೈತರು ಅಲ್ಲಲ್ಲಿ ಕೂಟ ಸೇರಿ ಕಂದಾಯವನ್ನು ಕೊಡಲೊಲ್ಲೆವೆಂದರು. ಇತಿಹಾಸದಲ್ಲಿ ಇದು ಕೂಟದಂಗೆಯೆಂದು ಪ್ರಸಿದ್ಧವಾಗಿದೆ. ಶಾಂತಿ, ರಾಜಿ, ನೆಲೆ ಎಂಬ ಮೂರೂ ಅರ್ಥಗಳನ್ನು ಹೊತ್ತ ಶಬ್ದದಿಂದ ಕರೆಯಲ್ಪಟ್ಟ ವ್ಯವಸ್ಥೆಯ ಎದುರಿಗೆ ಮೂವತ್ತು ವರ್ಷಗಳಲ್ಲಿಯೇ ಜನರು ಗುಂಪುಗೂಡಿ ನಿಂತರೆಂದ ಮೇಲೆ, ಆ ಶಬ್ದವು ಆಳುವವನ ಆಶಯವನ್ನು ಹೇಳುತ್ತದೆಯೇ ಹೊರತು ಆಳಿಸಿಕೊಂಡವನ ಅನುಭವವನ್ನಲ್ಲವೆಂಬುದು ಸ್ಪಷ್ಟ. 1843ರ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತಾದರೂ ಮೂಲದ ಆಳಿಗೆ ಭೂಮಿ ಸಿಗಲಿಲ್ಲ. ಕೋಟದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯ ವಸ್ತುವು, ಸ್ವಂತ ಬೇಸಾಯ ಮಾಡಬೇಕೆಂಬ ಅಂಥ ಒಬ್ಬನ ಈಡೇರದ ಆಸೆಯೇ ಆಗಿದೆ.

ಇದೇ ಕ್ರಿಯಾಪದವು ಬೇರೊಂದು ಬಗೆಯಲ್ಲಿಯೂ ನಮ್ಮ ಬರವಣಿಗೆಯನ್ನು ದಾರಿತಪ್ಪಿಸಿದೆ. 1569ರಲ್ಲಿ ಪೋರ್ತುಗೀಜರು ಬಸರೂರನ್ನು ಹಿಡಿದು ಕೋಟೆಯನ್ನು ಕಟ್ಟಿ, ಅಕ್ಕಿಯ ವ್ಯಾಪಾರದ ಮೇಲೆ ಕೈಯಿಟ್ಟರು. ಸುಮಾರು ಎಂಬತ್ತು ವರ್ಷಗಳ ಮೇಲೆ ಶಿವಪ್ಪನಾಯಕನು ಅವರನ್ನು ಅಲ್ಲಿಂದ ಹೊರಡಿಸಿದನು. ಗೋವೆಯ ಕಡೆಯಿಂದ ಕೊಂಕಣಿ ಮಾತನಾಡುವ ಅನೇಕ ಕುಟುಂಬಗಳು ಇದೇ ಕರಾವಳಿಗೆ ಬಂದುವು. ಗಂಗೊಳ್ಳಿಯ ಖಾರ್ವಿಗಳು ಇಂದಿಗೂ ಮನೆಯಲ್ಲಿ ಕೊಂಕಣಿಯನ್ನಾಡುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವರಿಬ್ಬರೂ 'ಸೆಟ್ಲ್' ಆದವರೇ. ಅವುಗಳನ್ನು ಅನುಸರಿಸುವ ಕನ್ನಡ ಲೇಖಕರು ಇಬ್ಬರಿಗೂ 'ನೆಲೆಸಿದರು' ಎಂದೋ, ಇಬ್ಬರದನ್ನೂ 'ವಸಾಹತು' ಎಂದೋ ಬರೆದುಬಿಡುತ್ತಾರೆ. ಕೋಟೆಯನ್ನು ಕಟ್ಟಿ ಕುಳಿತವನೂ ಬಲೆಯನ್ನು ಹೊತ್ತು ಬಂದು ಬದುಕಿದವನೂ ಒಂದೇ ಕ್ರಿಯಾಪದದ ಕೆಳಗೆ ಸಮಾನರಾಗಿಬಿಟ್ಟರೆ ಇತಿಹಾಸದಲ್ಲಿ ನ್ಯಾಯವೆಲ್ಲಿ? ಮೊದಲನೆಯವನಿಗೆ 'ಠಾಣ್ಯ ಹಾಕಿದನು', ಎರಡನೆಯವನಿಗೆ 'ನೆಲೆಸಿದನು' ಎಂದರೆ ಸಾಕು. ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ.

ಆಡುಮಾತಿನಲ್ಲಿ ಬಂದುಳಿದ ಶಬ್ದವನ್ನು ಅಟ್ಟಬೇಕೆಂಬುದು ನಮ್ಮ ವಾದವಲ್ಲ. ತ್ರಾಸಿಯಲ್ಲಿಯೂ ಮರವಂತೆಯಲ್ಲಿಯೂ ಮನೆಯ ಮಗನು ಬೊಂಬಾಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ಸೆಟ್ಲ್ ಆಗಿದ್ದಾನೆಂದು ಹಿರಿಯರು ಹೇಳುವಾಗ ಆ ಮಾತು ಬರಿಯ 'ನೆಲೆಸಿದ್ದಾನೆ' ಎಂಬುದಕ್ಕಿಂತ ಹೆಚ್ಚನ್ನು ಹೇಳುತ್ತದೆ. ಹೋಟೆಲಿನ ಕೆಲಸಕ್ಕೆ ಸೇರಿ ಮೊದಲ ಹತ್ತು ವರ್ಷ ಅಲ್ಲಿದ್ದಾಗ ಅವನು ಸೆಟ್ಲ್ ಆಗಿರಲಿಲ್ಲ. ಕೈಗೆ ನಾಲ್ಕು ಕಾಸು ಬಂದು, ಮದುವೆಯಾಗಿ, ಸ್ವಂತದ ಸೂರು ದೊರೆತ ಮೇಲೆ ಆದನು. ಇರುವಿಕೆಯೂ ಸಂಪಾದನೆಯೂ ಸಂಸಾರವೂ ಕೂಡಿ ಬಂದ ಸ್ಥಿತಿಗೆ ಜನರು ಈ ಹೆಸರನ್ನಿಟ್ಟರು. ಇಂಗ್ಲಿಷಿನಲ್ಲಿಲ್ಲದ ಇಷ್ಟು ನಿಷ್ಕೃಷ್ಟವಾದ ಅರ್ಥವನ್ನು ನಮ್ಮ ಜನರು ಅದಕ್ಕೆ ಕೊಟ್ಟಿರುವುದು ಭಾಷೆಯ ಜೀವಂತಿಕೆಗೆ ನಿದರ್ಶನ. ಆಕ್ಷೇಪವಿರುವುದು, ಆಡುಮಾತಿನಲ್ಲಿ ಜನರು ತೋರುವ ಈ ಎಚ್ಚರವನ್ನು ಶಾಸ್ತ್ರಬರಹದಲ್ಲಿ ನಾವು ತೋರದಿರುವುದರ ಬಗೆಗೆ.

ನಮ್ಮ ಸಲಹೆಯಿಷ್ಟೆ. ಭೂಕಂದಾಯದ ಇತಿಹಾಸವನ್ನು ಬರೆಯುವವರು 'ಸೆಟ್ಲ್‌ಮೆಂಟ್' ಎಂಬ ಶಬ್ದವನ್ನು ಪಾರಿಭಾಷಿಕವಾಗಿ ಉಳಿಸಿಕೊಂಡರೆ ಬಾಧಕವಿಲ್ಲ. ಆದರೆ ಪ್ರತಿಯೊಂದು ಕಡೆಯಲ್ಲಿಯೂ ಅದರ ಪಕ್ಕದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು. ಯಾವುದನ್ನು ನಿಗದಿಮಾಡಲಾಯಿತು? ಯಾರೊಡನೆ? ಎಷ್ಟು ಕಾಲಕ್ಕೆ? ಬಂಗಾಳದಲ್ಲಿ ಶಾಶ್ವತವಾಗಿ, ಮದರಾಸು ಪ್ರಾಂತದಲ್ಲಿ ಮುಂದೆ ವಾಡಿಕೆಯಾದುದು ಮೂವತ್ತು ವರ್ಷಗಳ ಅವಧಿ. ಈ ಮೂರು ಉತ್ತರಗಳೊಡನೆ ಬರೆದರೆ ನಮ್ಮ ಹಲಗೆಯ ವಾಕ್ಯವು ಹೀಗಾಗುತ್ತದೆ: 'ಮನ್ರೋ ಕೆನರಾದ ವರ್ಗದಾರರೊಡನೆ ಅವರು ಸರಕಾರಕ್ಕೆ ತೆರಬೇಕಾದ ಕಂದಾಯವನ್ನು ನಿಗದಿಮಾಡಿದನು, 1819–20ರಲ್ಲಿ ಠರಾವು ಅದನ್ನು ಬದಲಾಯಿಸಿತು'. ವಾಕ್ಯವು ಉದ್ದವಾಯಿತು, ಗಾಂಭೀರ್ಯವೂ ಕಡಿಮೆಯಾಯಿತು. ಆದರೆ ಸುಳ್ಳು ಹೋಯಿತು.

ಇನ್ನು ಆ ವಿದ್ಯಾರ್ಥಿಗೆ ಸಲ್ಲಬೇಕಾದ ಉತ್ತರ. ಅವನ ಅಜ್ಜನು ಯಾವ ಸೆಟ್ಲ್‌ಮೆಂಟಿನಲ್ಲಿಯೂ ಪಕ್ಷಗಾರನಾಗಿರಲಿಲ್ಲ. ಚಾಲಗೇಣಿಯ ಒಕ್ಕಲನ್ನು ಗದ್ದೆಯಲ್ಲಿ ಭದ್ರವಾಗಿ ಕುಳ್ಳಿರಿಸಿದುದು 1961ರ ಭೂಸುಧಾರಣಾ ಕಾಯಿದೆಗೆ ಬಂದ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ. ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಅರ್ಜಿ ಸಲ್ಲಿಸಿದ ಗೇಣಿದಾರರಿಗೆ ಭೂನ್ಯಾಯಮಂಡಳಿಗಳು ಅಧಿಭೋಗದ ಹಕ್ಕನ್ನು ಕೊಟ್ಟುವು. ಅದಕ್ಕೆ ಮೊದಲೇ ಎಬ್ಬಿಸಲ್ಪಟ್ಟು ಹೊರಟುಹೋದವರಿಗೆ ಕೇಳಲು ಗದ್ದೆಯೇ ಉಳಿದಿರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಭೂಮಿ ಪಡೆದ ನಮ್ಮ ಜಿಲ್ಲೆಯ ಒಕ್ಕಲುಗಳು ಈ ಮಹತ್ತಾದ ಬದಲಾವಣೆಯನ್ನು 'ಸೆಟ್ಲ್‌ಮೆಂಟ್' ಎಂದು ಕರೆಯಲೇ ಇಲ್ಲ. ಅವರು ಅದನ್ನು 'ಡಿಕ್ಲರೇಶನ್' ಎಂದರು. ಇಂದಿಗೂ 'ಇದು ಡಿಕ್ಲರೇಶನ್ ಆದ ಜಾಗ' ಎನ್ನುತ್ತಾರೆ. ಅದೂ ಇಂಗ್ಲಿಷ್ ಶಬ್ದವೇ. ಆದರೆ ಅದು ತಾವೇ ಅರ್ಜಿ ಬರೆದು, ಈ ಗದ್ದೆಯನ್ನು ಉಳುವವನು ನಾನೆಂದು ಸಾರಿ ಹೇಳಿದುದರ ಹೆಸರು. ಹಳೆಯ ಶಬ್ದದಲ್ಲಿ ತಮಗೆ ಎಂದೂ ಸ್ಥಾನವಿರಲಿಲ್ಲವೆಂಬುದನ್ನು ನಿಘಂಟಿನ ನೆರವಿಲ್ಲದೆ ಅವರು ಅರಿತಿದ್ದರೆಂದು ನಮಗೆ ತೋರುತ್ತದೆ. ನಮ್ಮ ಪಾಠದ ಟಿಪ್ಪಣಿಯ ಆ ವಾಕ್ಯವನ್ನು ನಾವು ಹೊಡೆದುಹಾಕಿದ್ದೇವೆ.